ಸಜ್ಜಿ ರೊಟ್ಟಿ ತಂದ ಸುದ್ದಿ

ಮಾರ್ಚ್ ಮೂರರ ಬೆಳಿಗ್ಗೆ ದೇವದುರ್ಗದ ಠಾಣೆಗೆ ಗೋಪಮ್ಮ ಬಂದಳು. ಅವಳ ಊರು ಜಾಲಹಳ್ಳಿಯ ಆಚೆ, ಕೃಷ್ಣಾ ತೀರ.

"ಹೊಳಿ ಉಸುಕು ಕದ್ದು ಒಯ್ಯಾಕತ್ತಾರ್ರಿ ಮೇಡಂ. ಕುಡಿಯೋ ನೀರಿನ ಬಾವಿ ಬುಡಕ್ಕ ಬಂದಾರ. ಫೋನ್ ಮಾಡೂಣಂದ್ರ ಆ ಹೊತ್ತಿಗೆ ಹತ್ತೂದೇ ಇಲ್ಲ."

ಇನ್‌ಸ್ಪೆಕ್ಟರ್ ಶಿವಗಂಗಾ ಮರಳು ಕಳ್ಳತನದ ಎಫ್‌ಐಆರ್ ದಾಖಲಿಸಿದರು. ಹಿಂದೆಯೂ ದಾಳಿ ಮಾಡಿದ್ದುಂಟು. ಹೋದಾಗಲೆಲ್ಲ ತೀರ ಖಾಲಿ. ಅದೇ ಊರಿನವನಾದ್ದರಿಂದ ದಾಳಿಯ ಸುದ್ದಿ ಮುಟ್ಟಿಸುತ್ತಾನೆಂದು ಪೇದೆ ಗದ್ದೆಪ್ಪನ ಮೇಲೆ ಗುಮಾನಿ. ಅಮಾನತು ಏಕೆ ಮಾಡಬಾರದೆಂದು ರಾಯಚೂರಿನಿಂದ ನೋಟಿಸೂ ಬಂದಿತ್ತು.

"ಸುದ್ದಿ ನೀ ಹೇಳಿದೇನು?" ಶಿವಗಂಗಾ ಅವನನ್ನು ಕೇಳಿದರು.

"ಹೋದ ಸಲ ನಾ ರಜಾದಾಗಿದ್ನಿ ಮೇಡಂ. ಆವತ್ತೂ ಖಾಲಿನೇ ಇತ್ತಲ್ರಿ."

ಶಿವಗಂಗಾ ಆ ದಿನದ್ದನ್ನು ನೆನಪಿಸಿಕೊಂಡರು. ಆವತ್ತು ದಾಳಿಯ ಮಾತು ಹೋದದ್ದು ವಾಕಿಟಾಕಿಯಲ್ಲಿ ಮಾತ್ರ. ಊರು ಹತ್ತಿರವಾದಂತೆ ಅದೂ ಗುಂಯ್ ಎಂದು ಕಿವುಡಾಗಿತ್ತು. ಯಾರೋ ಕದ್ದು ಕೇಳುತ್ತಾರೆ, ಬೇಕಾದಾಗ ಬಾಯಿಯನ್ನೂ ಕಟ್ಟುತ್ತಾರೆ.

ಗೋಪಮ್ಮನ ಮಗಳು ದೇವದುರ್ಗದ ಹಾಸ್ಟೆಲಿನಲ್ಲಿದ್ದಳು. ದಿನವೂ ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅವಳಿಗೆ ಬುತ್ತಿ ಕಳಿಸುವುದು ರೂಢಿ. ಇನ್ನು ಠಾಣೆಗೂ ಒಂದು ಬುತ್ತಿ ಎಂದು ಶಿವಗಂಗಾ, ಗದ್ದೆಪ್ಪ, ಗೋಪಮ್ಮ ಮೂವರಲ್ಲೇ ಮಾತಾಯಿತು. ಜೋಳದ ರೊಟ್ಟಿ ಬಂದರೆ ಏನಿಲ್ಲ. ಸಜ್ಜಿ ರೊಟ್ಟಿ ಬಂದರೆ ಟ್ರ್ಯಾಕ್ಟರ್ ಹೊಳೆಗಿಳಿದಿದೆ.

ಒಂಬತ್ತನೇ ತಾರೀಖು ಶಿವಗಂಗಾ ವಾಕಿಟಾಕಿಯಲ್ಲಿ ಬೇಕೆಂದೇ ಸುಳ್ಳು ಹೇಳಿದರು, "ನಾಳೆ ಎಲ್ಲರೂ ಮಾನ್ವಿ ಬಂದೋಬಸ್ತಿಗೆ."

ಮರುದಿನ ಬುತ್ತಿ ಬಂತು. ವಿಷಯ ತಿಳಿಯದ ಪೇದೆ ಜಂಬಣ್ಣ ಅಷ್ಟರಲ್ಲೇ ಬಾಯಿ ಒರೆಸಿಕೊಳ್ಳುತ್ತಿದ್ದ.

"ಲೇ ಜಂಬಣ್ಣ, ಸುದ್ದೀನ ತಿಂದೆಲ್ಲೋ!" ಗದ್ದೆಪ್ಪ ತಲೆಗೆ ಕೈ ಹಚ್ಚಿದ. "ಯಾವ ರೊಟ್ಟಿ ಇದ್ವು?"

"ಸಜ್ಜಿ. ಮ್ಯಾಲೆ ಎಳ್ಳು ಹಚ್ಚಿದ್ವು. ನಿನಗೊಂದು ಇಡಬೇಕಿತ್ತು ಬಿಡು."

ಶಿವಗಂಗಾ ಮತ್ತು ಸಿಬ್ಬಂದಿ ಜೀಪು ಬಿಟ್ಟು, ಮಫ್ತಿಯಲ್ಲಿ ಬಸ್ಸು ಹತ್ತಿದರು. ಊರಲ್ಲಿ ಇಳಿದ ಕೂಡಲೇ ವಾಕಿಟಾಕಿ ಗುಂಯ್ಗುಟ್ಟಿತು. ಸದ್ದು ಜೋರಾದ ಕಡೆಗೆ ಗದ್ದೆಪ್ಪ ನಡೆದ, ಸಣ್ಣದಾದರೆ ತಿರುಗಿದ. ಟಿವಿ ರಿಪೇರಿ ಮಾಡುವ ವಿರೂಪಣ್ಣನ ಅಂಗಡಿ ಮುಂದೆ ಕಿವಿ ಹರಿಯುವಂತಾಯಿತು. ಒಳಗೆ ಎರಡು ಯಂತ್ರ: ಒಂದು ಪೊಲೀಸರ ಮಾತು ಕೇಳುವುದಕ್ಕೆ, ಒಂದು ಸಿಗ್ನಲ್ ಕೆಡಿಸುವುದಕ್ಕೆ. ಪಂಚನಾಮೆ, ಜಪ್ತಿ, ಬಂಧನ. ಹೊಳೆಯಲ್ಲಿ ಟ್ರ್ಯಾಕ್ಟರ್ ಸಮೇತ ಸಿಕ್ಕವನು ವಿರೂಪಣ್ಣನ ತಮ್ಮ ಪಂಪಾಪತಿ.

"ಯಾಕ ಮಾಡಿದಿ?"

"ಹೋದ ವರ್ಷ ನನ್ನ ತಮ್ಮ ಪೊಲೀಸ್ ಜೀಪ್ ಕಂಡು ಜೋರ ಓಡಿಸಿ, ಟ್ರ್ಯಾಕ್ಟರ್ ಉರುಳಿ ಅದರ ಕೆಳಗ ಸಿಕ್ಕಿದ್ದ ರೀ," ವಿರೂಪಣ್ಣ ನೆಲ ನೋಡಿದ. "ನೀವು ಬರೂದು ಮೊದ್ಲ ಗೊತ್ತಾದ್ರ ಅಂವ ಹಂಗ ಓಡೂದು ತಪ್ತದ ಅಂದ್ಕೊಂಡೆ."

ಶಿವಗಂಗಾ ಅದನ್ನು ಇದ್ದ ಹಾಗೆಯೇ ಹೇಳಿಕೆಯಲ್ಲಿ ಬರೆಸಿದರು. ಅಣ್ಣನ ಮಾತು ಕೇಳಿದ ಪಂಪಾಪತಿ ಟ್ರ್ಯಾಕ್ಟರ್ ಮಾಲೀಕನ ಹೆಸರನ್ನು ತಾನಾಗಿ ಹೇಳಿದ. ಸಂಜೆಯೊಳಗೆ ಗದ್ದೆಪ್ಪನ ನೋಟಿಸು ರದ್ದಾಯಿತು.

ಆರೋಪಿಗಳನ್ನು ನ್ಯಾಯಾಲಯಕ್ಕೆ ಒಯ್ಯುವ ಕೆಲಸ ಅವನಿಗೇ ಬಂತು. ಅಲ್ಲಿ ಅವನು ಅಣ್ಣತಮ್ಮಂದಿರನ್ನು ಒಂದೇ ಬೆಂಚಿನ ಮೇಲೆ ಕೂಡಿಸಿದ.