ಪೇಷಂಟ್ ಕಡೆಯವರು

"ನಿಮ್ಮ ಕಡೆಯವರು ಎಲ್ಲಿ?"

ನರ್ಸ್ ಕೇಳಿದ ಪ್ರಶ್ನೆಗೆ ಅಕ್ಕ ಬಾಗಿಲ ಕಡೆ ನೋಡಿದಳು.

ಮಂಡಿ ಬದಲಾಯಿಸುವ ಆಪರೇಷನ್‌ಗೆ ಮೂರು ವಾರ ಮುಂಚೆ ಆಸ್ಪತ್ರೆಯಲ್ಲಿ ಒಂದು ತರಗತಿ. ಪೇಷಂಟ್ ಜೊತೆ ಮನೆಯವರೊಬ್ಬರು ಬರಲೇಬೇಕು. ಎಬ್ಬಿಸುವುದು, ಕೂರಿಸುವುದು, ಬಚ್ಚಲಿಗೆ ನಡೆಸುವುದು ಎಲ್ಲ ಅವರಿಗೇ ಕಲಿಸುತ್ತಾರೆ. ಪಟ್ಟಿಯಲ್ಲಿ ಎಂಟು ಪೇಷಂಟ್‌ಗಳು. ಒಬ್ಬರು ಬಂದೇ ಇಲ್ಲವೆಂದು ನರ್ಸ್ ಆಗಲೇ ಗೊಣಗಿದ್ದಳು. ಉಳಿದವರ ಪಕ್ಕದಲ್ಲಿ ಗಂಡನೋ ಮಗಳೋ ಸೊಸೆಯೋ ಇದ್ದರು. ಅಕ್ಕನ ಪಕ್ಕದ ಕುರ್ಚಿಯಲ್ಲಿ ಅವಳ ಕೈಚೀಲ ಕೂತಿತ್ತು.

ಅವಳು ಶೂ ಅಂಗಡಿಯ ಅಕ್ಕ. ಮೂವತ್ತು ವರ್ಷ ಗಿರಾಕಿಗಳ ಮುಂದೆ ಮಂಡಿಯೂರಿ, ಅವರ ಪಾದಕ್ಕೆ ಶೂ ತೊಡಿಸಿ ತೊಡಿಸಿಯೇ ಬಲಮಂಡಿ ಸವೆದಿತ್ತು. 'ಊರವರ ಕಾಲು ಹಿಡಿದೇ ಅನ್ನ ತಿಂದವಳು ನಾನು' ಎಂದು ತಾನೇ ನಗುತ್ತಿದ್ದಳು. ಆದರೆ ಸ್ವಂತಕ್ಕೆಂದು ಒಬ್ಬರ ಕಾಲನ್ನೂ ಹಿಡಿದವಳಲ್ಲ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಓದಿಸಿ ದಡ ಸೇರಿಸುವಷ್ಟರಲ್ಲಿ ಅವಳ ಮದುವೆಯ ವಯಸ್ಸು ಜಾರಿಹೋಗಿತ್ತು. ಈಗ ಐವತ್ತೈದು. ಎತ್ತಿ ಆಡಿಸಿದ ತಮ್ಮನಿಗೆ ಈಗ 'ನನ್ನನ್ನು ಎತ್ತಿ ಕೂರಿಸು' ಎನ್ನುವುದೇ? ನಾಚಿಕೆಯಾಗಿ, ಅಂಗಡಿಯವರ ಜೊತೆ ಪ್ರವಾಸ ಹೋಗುತ್ತೇನೆಂದು ಅವನಿಗೆ ಸುಳ್ಳು ಹೇಳಿದ್ದಳು.

"ಯಾರೂ ಇಲ್ಲ ಅಂದ್ರೆ ಡೇಟ್ ಕ್ಯಾನ್ಸಲ್ ಮಾಡ್ಬೇಕಾಗುತ್ತೆ," ಎಂದಳು ನರ್ಸ್.

ಎಲ್ಲರ ತಲೆಯೂ ಇತ್ತ ತಿರುಗಿತು. ಭೂಮಿ ಬಾಯಿ ಬಿಡಬಾರದೇ... ಅಕ್ಕನ ಕೈ ತಾನಾಗಿಯೇ ಹಿಂದಿನ ಸಾಲಿಗೆ ಚಾಚಿ, ಅಲ್ಲಿ ಆಗಷ್ಟೇ ಬಂದು ಒಬ್ಬನೇ ಕೂತಿದ್ದ ಗಂಡಸಿನ ತೋಳು ಹಿಡಿಯಿತು.

"ಇವ್ರೇ... ನಮ್ಮ ಕಡೆಯವ್ರು."

ಅರವತ್ತರ ಹತ್ತಿರದ ಮನುಷ್ಯ. ಅಂಗಿಯ ಜೇಬಿನ ಮೇಲೆ ಯಾವುದೋ ಶಾಲೆಯ ಬಸ್ಸಿನ ಚಿತ್ರ. ಆತ ತನ್ನ ತೋಳನ್ನು ನೋಡಿದ, ಅವಳ ಮುಖ ನೋಡಿದ. ತೊಡೆಯ ಮೇಲಿದ್ದ ಫೈಲನ್ನು ಮೆಲ್ಲಗೆ ಬೋರಲು ಹಾಕಿದ.

"ಹೌದು, ನಾನೇ. ಬಸ್ ನಿಲ್ಸೋಕೆ ಜಾಗ ಸಿಗ್ಲಿಲ್ಲ, ತಡ ಆಯ್ತು, ಅದಕ್ಕೇ ಹಿಂದೆ ಕೂತೆ."

ತರಗತಿ ಮುಗಿದು ಹೊರಗೆ ಬಂದಾಗ ಅಕ್ಕ ತಲೆ ಎತ್ತಲಿಲ್ಲ. ನೆಲ ನೋಡುತ್ತಲೇ ಆತನ ಶೂ ನೋಡಿದಳು. ಬಲಗಾಲಿನ ಅಡಿ ಎಡಗಾಲಿಗಿಂತ ಹೆಚ್ಚು ಸವೆದಿತ್ತು. ಬೇರೆ ದಿನವಾಗಿದ್ದರೆ ಅದೇಕೆಂದು ಯೋಚಿಸುತ್ತಿದ್ದಳು.

"ತಪ್ಪು ತಿಳ್ಕೋಬೇಡಿ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನೀವು ಯಾರ ಜೊತೆ ಬಂದಿದ್ರಿ?"

"ನಮ್ಮವ್ರೊಬ್ರು. ಅವ್ರದು ಆಮೇಲೆ ನೋಡ್ಕೋಬಹುದು," ಎಂದ ಡ್ರೈವರ್. "ಅಲ್ಲಾ, ನಿಮ್ಮನ್ನ ಎಬ್ಬಿಸೋದು ಹೇಗೆ ಅಂತ ಎರಡು ಗಂಟೆ ಕಲಿತಿದೀನಿ. ವಿದ್ಯೆ ದಂಡ ಮಾಡೋದಾ?"

ಅಕ್ಕನಿಗೆ ನಗು ಬಂತು. ಅಲ್ಲಿಗೆ ಕೆಟ್ಟಿತು ಕೆಲಸ.

ಮುಂದಿನ ಮೂರು ವಾರ ಮಧ್ಯಾಹ್ನದ ಟ್ರಿಪ್ಪಿಗೆ ಮುಂಚೆ ಆತ ಬರುತ್ತಿದ್ದ. ಅವಳ ಮನೆಯ ಕಾಲೊರೆಸುಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿದ. ತಗ್ಗು ಕುರ್ಚಿಯ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದ. ಕೆಳಗಿನ ಗೂಡಿನ ಪಾತ್ರೆಗಳನ್ನು ಸೊಂಟದ ಮಟ್ಟಕ್ಕೆ ತಂದಿಟ್ಟ. ಅವಳು ಮಂಚದ ಮೇಲೆ ಕಾಲು ಚಾಚಿ ತೊಡೆ ಬಿಗಿಹಿಡಿದರೆ, ಆತ ಕುರ್ಚಿಯಲ್ಲಿ ಕೂತು ಐದರವರೆಗೆ ಎಣಿಸುತ್ತಿದ್ದ. ಎಲ್ಲಿ ಹೋದರೂ ಮೊದಲು ಕುರ್ಚಿ ಹುಡುಕುತ್ತಿದ್ದ.

"ನಿಮ್ಮಷ್ಟು ಸೋಮಾರಿನ ನಾನು ನೋಡಿಲ್ಲ," ಎಂದಳು ಒಂದು ದಿನ.

"ಡ್ರೈವರ್ ಕೆಲಸ ಸಿಕ್ಕಿದ್ದೇ ಅದಕ್ಕೆ. ಕೂತ್ಕೊಂಡೇ ಸಂಬಳ."

ಹೆಂಡತಿ ತೀರಿಹೋಗಿ ಹನ್ನೊಂದು ವರ್ಷವಾಯಿತೆಂದು ಆತ ಹೇಳಿದ ದಿನ ಅಕ್ಕ ಎರಡನೇ ಸಲ ಕಾಫಿ ಮಾಡಿಕೊಟ್ಟಳು. ಮರುದಿನ ಹನ್ನೆರಡಾಗುವುದನ್ನೇ ಕಾಯುತ್ತಿದ್ದೇನೆಂದು ಅಕ್ಕನಿಗೆ ಗೊತ್ತಾಯಿತು. 'ಛೀ, ಈ ವಯಸ್ಸಲ್ಲಿ ಇದೆಂಥದು ನಂಗೆ...' ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡೇ ತಲೆ ಬಾಚಿಕೊಂಡಳು.

ಆಪರೇಷನ್ ಆಯಿತು. ಮಾರನೆಯ ಬೆಳಿಗ್ಗೆ ಆತ ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಿಗಿ ಕಾಲುಚೀಲ ಏರಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಅವಳ ಕಾಲಿಗೆ ಇನ್ನೊಬ್ಬರು ತೊಡಿಸಿದ್ದು ಅದೇ ಮೊದಲು. ನೋವಿನ ನಡುವೆಯೂ ಅಕ್ಕನ ಕಣ್ಣು ತುಂಬಿತ್ತು.

"ಅಕ್ಕಾ..."

ಬಾಗಿಲಲ್ಲಿ ತಮ್ಮ. ಅವನ ಹಿಂದೆ ಅವನ ಹೆಂಡತಿ. ಅಂಗಡಿಗೆ ಫೋನ್ ಮಾಡಿ ನಿಜ ತಿಳಿದುಕೊಂಡು ಓಡಿ ಬಂದಿದ್ದರು. ಇಬ್ಬರ ಕಣ್ಣೂ ಮೊಣಕಾಲಿನವರೆಗೆ ಸರಿದಿದ್ದ ಅವಳ ಬಟ್ಟೆಯ ಮೇಲೆ, ಪರಗಂಡಸಿನ ತೊಡೆಯ ಮೇಲಿದ್ದ ಪಾದದ ಮೇಲೆ ನಿಂತವು.

"ಇವ್ರು ಯಾರಕ್ಕಾ?"

"ಇವ್ರಾ... ಯಾರೋ. ಆಸ್ಪತ್ರೆ ಕೆಲಸದವ್ರು."

ಮಾತು ಬಾಯಿಂದ ಬಿದ್ದಾಗಿತ್ತು. ಡ್ರೈವರ್‌ನ ಕೈ ಕಾಲುಚೀಲದ ಮೇಲೆ ಒಂದು ಕ್ಷಣ ನಿಂತಿತು.

"ಹಾಗಾದ್ರೆ ಆ ಬೆಡ್‌ಪ್ಯಾನ್ ತೊಳೆದಿಟ್ಟು ಹೋಗಿ. ಇನ್ಮೇಲೆ ನಾವಿದೀವಿ," ಎಂದಳು ತಮ್ಮನ ಹೆಂಡತಿ. ಅವಳದೇನು ತಪ್ಪು, ಕೇಳಿದ್ದನ್ನು ನಂಬಿದಳು.

ಅಕ್ಕ ಈಗಲಾದರೂ ಬಾಯಿ ಬಿಡಬಹುದಿತ್ತು. ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಆತ ಕಾಲುಚೀಲವನ್ನು ಪೂರ್ತಿ ಏರಿಸಿ, ಸುಕ್ಕು ಸರಿಮಾಡಿ, ಕಾಲನ್ನು ದಿಂಬಿನ ಮೇಲಿಟ್ಟ. ಬೆಡ್‌ಪ್ಯಾನ್ ತೆಗೆದುಕೊಂಡು ಹೋದ. ಬಚ್ಚಲಿನಲ್ಲಿ ನೀರು ಬಿದ್ದ ಸದ್ದು ಕೇಳಿತು. ತೊಳೆದು ಮಂಚದ ಕೆಳಗಿಟ್ಟು, "ಬರ್ತೀನಿ ಮೇಡಂ," ಎಂದು ಹೊರಟುಹೋದ.

ಆ 'ಮೇಡಂ' ಅವಳ ಎದೆಗೆ ನಾಟಿತು.

ತಮ್ಮನ ಮನೆಯಲ್ಲಿ ಆರು ವಾರ. ಮಂಡಿ ದಿನಕ್ಕಿಷ್ಟು ಮಡಚತೊಡಗಿತು. ಎಪ್ಪತ್ತು ಡಿಗ್ರಿ, ಎಂಬತ್ತು, ತೊಂಬತ್ತು... ಮಡಚಿದಾಗೆಲ್ಲ ಅಳು ಬರುತ್ತಿತ್ತು. ನೋವಿಗೆ ಅಳುತ್ತಿದ್ದಾಳೆಂದು ಮನೆಯವರು ತಿಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಒಮ್ಮೆ ಆತನ ಫೋನ್ ಬಂತು. ಗಂಟೆ ನಿಲ್ಲುವವರೆಗೂ ಅದನ್ನೇ ನೋಡುತ್ತಾ ಕೂತಳು. ಎತ್ತಿ ಏನೆನ್ನುವುದು? ಯಾವ ಮುಖ ಹೊತ್ತು ಮಾತಾಡುವುದು?

ತಪಾಸಣೆಯ ದಿನ ತಮ್ಮ, ಅವನ ಹೆಂಡತಿ ಇಬ್ಬರೂ ಜೊತೆಗಿದ್ದರು. ಅದೇ ನರ್ಸ್ ಎದುರಾದಳು.

"ನಡಿಗೆ ಚೆನ್ನಾಗಿದೆ. ಎಲ್ಲಿ, ನಿಮ್ಮ ಕಡೆಯವ್ರು ಬರ್ಲಿಲ್ವಾ? ಅವ್ರಿಗೂ ಹೇಳಿ, ಇನ್ನೂ ತಡ ಮಾಡ್ಬಾರ್ದು ಅಂತ."

"ಏನು ತಡ?" ಅಕ್ಕನಿಗೆ ಅರ್ಥವಾಗಲಿಲ್ಲ.

"ಅವ್ರ ಆಪರೇಷನ್ನು. ಕ್ಲಚ್ ತುಳಿದೂ ತುಳಿದೂ ಎಡಮಂಡಿ ಪೂರ್ತಿ ಹೋಗಿದೆ. ಅವತ್ತು ಕ್ಲಾಸಿಗೆ ಬಂದಿಲ್ಲ ಅಂತ ನಾನು ಬರ್ಕೊಂಡ ಪೇಷಂಟು ಅವ್ರೇ ಅಲ್ವಾ? ನಿಮ್ಮ ದಿನಾನೇ ಅವ್ರದೂ ಇತ್ತು. ಮುಂದಕ್ಕೆ ಹಾಕಿಸ್ಕೊಂಡ್ರು. 'ನಾನೂ ಮಲಗಿಬಿಟ್ರೆ ಅವ್ರನ್ನ ಎಬ್ಬಿಸೋರು ಯಾರು' ಅಂದ್ರು. ನಿಮಗೆ ಹೇಳಿಲ್ವಾ?"

ಅಕ್ಕ ಗೋಡೆ ಹಿಡಿದುಕೊಂಡಳು. ಕುರ್ಚಿ ಹುಡುಕುತ್ತಿದ್ದ ಆತ... ಒಂದೇ ಕಡೆ ಸವೆದ ಆ ಶೂ... ಊರಿನ ಕಾಲುಗಳನ್ನೆಲ್ಲ ಓದಿದವಳು ಆತನದೊಂದನ್ನು ಓದದೆ ಹೋದಳಲ್ಲ. ಸೋಮಾರಿ ಎಂದಳಲ್ಲ. ಆ ಕಾಲಿನಲ್ಲೇ ನಿಂತು ಬೆಡ್‌ಪ್ಯಾನ್ ತೊಳೆಯುವುದನ್ನು ಕೇಳಿಸಿಕೊಂಡು ಮಲಗಿದ್ದಳಲ್ಲ.

"ಯಾರ ವಿಷಯ ಅಕ್ಕಾ ಇದು?" ತಮ್ಮ ಕೇಳಿದ.

ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅಕ್ಕ ಅದನ್ನು ನುಂಗಿದಳು.

"ಅವತ್ತು ಬೆಡ್‌ಪ್ಯಾನ್ ತೊಳೆದ್ರಲ್ಲ, ಅವ್ರದು. ಅವ್ರು ಆಸ್ಪತ್ರೆಯವ್ರಲ್ಲ. ನನಗೋಸ್ಕರ ಬಂದಿದ್ರು. ನಿಮ್ಮನ್ನ ನೋಡಿ ನಾಚಿಕೆಯಾಗಿ ಯಾರೋ ಅಂದ್ಬಿಟ್ಟೆ. ನಂಗೆ ಅವ್ರು ಬೇಕು ಕಣೋ."

ತಮ್ಮನ ಹೆಂಡತಿಯ ಮುಖ ಕಪ್ಪಿಟ್ಟಿತು. "ಅಯ್ಯೋ ಅಕ್ಕ, ನನ್ನ ಕೈಲಿ ಎಂಥಾ ಮಾತು ಆಡಿಸಿಬಿಟ್ರಿ. ನಡೀರಿ ಮೊದ್ಲು, ಅವ್ರ ಮನೆ ಎಲ್ಲಿದೆ?"

ಆತ ಹಿಂದೊಮ್ಮೆ ಹೇಳಿದ್ದ ಬೀಗ ರಿಪೇರಿ ಅಂಗಡಿಯ ಮೇಲಿನ ಎರಡನೇ ಮಹಡಿ. ಇಪ್ಪತ್ತೆಂಟು ಮೆಟ್ಟಿಲು. ಯಾರ ಕೈಯನ್ನೂ ಹಿಡಿಯದೆ, ಕಂಬಿ ಹಿಡಿದು ಒಂದೊಂದಾಗಿ ಹತ್ತಿದಳು. ಎರಡು ಸಲ ನಿಂತಳು. ಬಾಗಿಲು ತಟ್ಟುವಾಗ ಮೈಯೆಲ್ಲ ಬೆವರಿತ್ತು.

ಬಾಗಿಲು ತೆರೆದವನ ಕೈಯಲ್ಲಿ ಕೋಲಿತ್ತು. ಆತ ಅವಳ ಮುಖ ನೋಡಲಿಲ್ಲ, ಕಾಲು ನೋಡಿದ.

"ಇಷ್ಟು ಬೇಗ ಇಷ್ಟು ಮೆಟ್ಟಿಲು ಹತ್ತಬಾರ್ದು."

"ತಪ್ಪಾಯ್ತು," ಎಂದಳು ಅಕ್ಕ. "ಕಾಲು ಹಿಡಿದು ಕೇಳ್ಬೇಕು ಅಂತಾನೇ ಬಂದೆ. ಆದ್ರೆ ಈ ಮಂಡಿ ಊರೋಕೆ ಆಗಲ್ಲ. ನಿಂತೇ ಕೇಳ್ತಿದೀನಿ."

ಡ್ರೈವರ್ ಬಾಗಿಲ ಚೌಕಟ್ಟಿಗೆ ಒರಗಿದ.

"ಬೆಡ್‌ಪ್ಯಾನ್‌ಗೆ ನಂಗೆ ಬೇಜಾರಿಲ್ಲ. ಹೇಗಿದ್ರೂ ನಾನೇ ತೊಳಿತಿದ್ದೆ. ನೀವು ಗೋಡೆ ಕಡೆ ತಿರುಗಿದ್ರಲ್ಲ... ಅದು ತುಂಬಾ ನೋವಾಯ್ತು."

"ಆಗ್ಬೇಕು. ನಂಗೆ ನನ್ನ ಮೇಲೇ ಅಸಹ್ಯ ಆಗಿದೆ. ತಮ್ಮನಿಗೆ ಎಲ್ಲಾ ಹೇಳ್ದೆ. ಎಲ್ಲರಿಗೂ ಹೇಳ್ತೀನಿ. ನಿಮ್ಮನ್ನ ಕಂಡ್ರೆ ನಂಗಿಷ್ಟ. ಐವತ್ತೈದಕ್ಕೆ ಇದನ್ನ ಹೇಳೋಕೂ ನಾಚಿಕೆ. ಆದ್ರೂ..." ಅವಳ ಕಣ್ಣು ಆತನ ಕೋಲಿನ ಮೇಲೆ ಬಿತ್ತು. "ನಿಮ್ಮ ಆಪರೇಷನ್ ಯಾಕೆ ಮಾಡಿಸ್ಕೊಂಡಿಲ್ಲ?"

ಈಗ ಆತ ತಲೆ ತಗ್ಗಿಸಿದ. "ಮೊದ್ಲು ನಿಮಗೋಸ್ಕರ ಬಿಟ್ಟೆ, ನಿಜ. ಆಮೇಲೆ... ಭಯ. ನಿಮಗೆ ಅಷ್ಟು ಧೈರ್ಯ ಹೇಳ್ದೋನು ನಾನು, ನಗ್ಬೇಡಿ. ತುಂಬಾ ನೋವಾಗುತ್ತಾ?"

"ಆಗುತ್ತೆ. ಹದಿನೈದು ದಿನ ಯಾಕಾದ್ರೂ ಮಾಡಿಸ್ಕೊಂಡೆ ಅನ್ಸುತ್ತೆ. ಬೈಯೋಕೆ ಪಕ್ಕದಲ್ಲಿ ಒಬ್ರು ಬೇಕು. ನನ್ನೇ ಬೈಯಿರಿ."

ಆತನ ತುಟಿಯಲ್ಲಿ ನಗು ಮೂಡಿತು. ಕಣ್ಣಲ್ಲಿ ನೀರೂ ಇತ್ತು.

"ಒಳಗೆ ಬನ್ನಿ, ಕೂತು ಮಾತಾಡೋಣ. ನಂಗಂತೂ ನಿಲ್ಲೋಕಾಗ್ತಿಲ್ಲ. ಕೆಳಗೆ ತಮ್ಮ ಕಾಯ್ತಿರ್ಬೇಕಲ್ವಾ?"

"ಇಲ್ಲ. ಅವ್ರಿಬ್ರನ್ನೂ ಮನೆಗೆ ಕಳಿಸ್ಬಿಟ್ಟೆ."

"ಅಲ್ಲಾ, ನಾನು ಬಾಗಿಲೇ ತೆಗೀದಿದ್ರೆ ಏನ್ಮಾಡ್ತಿದ್ರಿ?"

"ಇಲ್ಲೇ ಮೆಟ್ಟಿಲ ಮೇಲೆ ಕೂತಿರ್ತಿದ್ದೆ," ಎಂದಳು ಅಕ್ಕ. "ಹತ್ತೋದು ಬಂತು. ಇಳಿಯೋದು ಇನ್ನೂ ಬಂದಿಲ್ಲ."