ಯಾವ ಲಕ್ಷ್ಮಿ?

“ಸಿದ್ದಿ ಹುಡುಗಿಯರು ಹುಟ್ಟಾ ಓಟಗಾರ್ತಿಯರು. ವಿಜ್ಞಾನ ಅವರ ರಕ್ತದಲ್ಲಿಲ್ಲ,” ಎಂದರು ಹಾಸ್ಟೆಲ್ ಸಮಿತಿಯ ಅಧ್ಯಕ್ಷ ಮಾಳ್ಕೋಡರು. ಮೇಜಿನ ಮೇಲಿದ್ದ ಒರೆಗಲ್ಲು ಕೆಂಪಾಯಿತು.

2061ರಲ್ಲಿ ಇಂಥ ಸಭೆಗಳಿಗೆಲ್ಲ ಒರೆಗಲ್ಲು ಕಡ್ಡಾಯ. ತೆಂಗಿನಕಾಯಿಯಷ್ಟೇ ದೊಡ್ಡ ಯಂತ್ರ. ಆಡಿದ ಮಾತನ್ನು ಸರ್ಕಾರಿ ದಾಖಲೆಗಳ ಜೊತೆ ಕ್ಷಣದಲ್ಲಿ ತಾಳೆ ನೋಡುತ್ತಿತ್ತು. ಆಧಾರವಿದ್ದರೆ ಹಸಿರು, ಅರೆಬರೆಯಾದರೆ ಹಳದಿ, ಬರೀ ಬಾಯಿಮಾತಾದರೆ ಕೆಂಪು.

ಮುಂದಿನ ಸಾಲಿನಲ್ಲಿದ್ದ ಸುಮಿತ್ರಾ ಸಿದ್ದಿ ಎದ್ದಳು. “ನಾನು ಬಸ್ಸಿಗೂ ಓಡಿದವಳಲ್ಲ, ಸಾಹೇಬ್ರೆ.”

ಸಭೆ ನಕ್ಕಿತು. ಸುಮಿತ್ರಾ ನಗಲಿಲ್ಲ. ಹೊನ್ನಕೊಪ್ಪದ ಸಿದ್ದಿ ಹುಡುಗಿಯರಿಗೆ ವಿಜ್ಞಾನ ಹಾಸ್ಟೆಲಿನಲ್ಲಿದ್ದ ಹನ್ನೆರಡು ಸೀಟನ್ನು ಕ್ರೀಡಾ ಹಾಸ್ಟೆಲಿಗೆ ವರ್ಗಾಯಿಸುವ ಠರಾವು ಇವತ್ತು ಪಾಸಾದರೆ, ಸೂಕ್ಷ್ಮದರ್ಶಕದ ಕನಸು ಕಾಣುವ ಅವಳ ಮಗಳು ಲಕ್ಷ್ಮಿ ರಿಲೇ ಓಡಬೇಕಿತ್ತು.

“ರಕ್ತದ ಮಾತು ಬಿಡಿ,” ಎಂದರು ಮಾಳ್ಕೋಡರು. “ಹನ್ನೆರಡು ಸೀಟಿಗೆ ಬಂದದ್ದು ಒಂದೇ ಅರ್ಜಿ. ಲಕ್ಷ್ಮಿ ಸಿದ್ದಿ, ಹೊನ್ನಕೊಪ್ಪ.”

ಯಂತ್ರ ಹಸಿರಾಯಿತು. ಮರುಕ್ಷಣ ಸುಮಿತ್ರಾಳಿಗೆ ಏನೋ ಹೊಳೆಯಿತು.

“ಯಾವ ಲಕ್ಷ್ಮಿ?”

“ಅಂದ್ರೆ?”

“ನಮ್ಮೂರಲ್ಲಿ ಎಲ್ಲರೂ ಸಿದ್ದಿಗಳೇ, ಮನೆಗೊಂದು ಲಕ್ಷ್ಮಿ. ಗುಡ್ಡದ ಲಕ್ಷ್ಮಿಯಾ, ಹಳ್ಳದ ಲಕ್ಷ್ಮಿಯಾ, ಕನ್ನಡಕದ ಲಕ್ಷ್ಮಿಯಾ?” ಅವಳು ಹಿಂದಕ್ಕೆ ತಿರುಗಿದಳು. “ಅರ್ಜಿ ಹಾಕಿದ ಲಕ್ಷ್ಮಿಗಳೆಲ್ಲ ಏಳ್ರೇ.”

ಹನ್ನೊಂದು ಹುಡುಗಿಯರು ಎದ್ದು ನಿಂತರು.

ಒರೆಗಲ್ಲನ್ನು ಕಂಡುಹಿಡಿದ ಧಾರವಾಡದ ಡಾ. ಶಾಹಿದಾ ನದಾಫ್ ಅಲ್ಲೇ ಇದ್ದರು. ಮೂಲ ಅರ್ಜಿಗಳನ್ನು ತೆರೆಸಿದರು. ಹನ್ನೊಂದೂ ಇದ್ದವು. ಹೆಸರು, ಅಡ್ಡಹೆಸರು, ಊರು ಒಂದೇ ಆದ್ದರಿಂದ ಕಚೇರಿಯ ತಂತ್ರಾಂಶ, ಒಬ್ಬಳೇ ಹನ್ನೊಂದು ಸಲ ಅರ್ಜಿ ಹಾಕಿದ್ದಾಳೆಂದು ಹತ್ತನ್ನು ಅಳಿಸಿತ್ತು. ‘ಒಂದೇ ಅರ್ಜಿ’ಗೆ ಹಸಿರಾಗಿದ್ದ ಯಂತ್ರ ಈಗ ನಾಚಿದಂತೆ ಕೆಂಪಾಯಿತು.

“ಬೇಕಂತಲೇ ಮಾಡಿದ್ದು ಇದು,” ಎಂದಳು ಸುಮಿತ್ರಾ. ಕೆಂಪು ಹಾಗೇ ಉಳಿಯಿತು.

“ನಂಗೂ ಕೆಂಪಾ?” ಎಂದಳು ಶಾಹಿದಾರ ಕಡೆ ತಿರುಗಿ.

“ನಿಮಗೂ ಅಷ್ಟರೀ, ಅಕ್ಕಾರ. ಮಾಳ್ಕೋಡರಿಗೊಂದು, ನಿಮಗೊಂದು ಅಂತ ಎರಡು ಒರೆಗಲ್ಲು ಮಾಡಿಲ್ಲ ನಾನು,” ಎಂದರು ಶಾಹಿದಾ.

ಸುಮಿತ್ರಾ ಯಂತ್ರವನ್ನು ದುರುಗುಟ್ಟಿ ನೋಡಿ, ಮಾತು ತೂಗಿ ಆಡಿದಳು. “ಬೇಕಂತ ಮಾಡಿದ್ರೋ ಇಲ್ವೋ ಗೊತ್ತಿಲ್ಲ. ಅಡ್ಡಹೆಸರು ಸಿದ್ದಿ ಆಗಿದ್ದಕ್ಕೇ ಹತ್ತು ಹುಡುಗಿಯರು ಹೊರಗುಳಿದ್ರು.”

ಹಸಿರು. ಹನ್ನೊಂದು ಲಕ್ಷ್ಮಿಯರೂ ಶಿಳ್ಳೆ ಹಾಕಿದರು. ಠರಾವು ಬಿದ್ದುಹೋಯಿತು.

ಆ ವರ್ಷ ಹಾಸ್ಟೆಲಿನಲ್ಲಿ ವಾರ್ಡನ್ “ಲಕ್ಷ್ಮೀ” ಎಂದು ಕರೆದರೆ ಹನ್ನೊಂದು ಕಿಟಕಿ ತೆರೆಯುತ್ತಿದ್ದವು. ಕಚೇರಿಗಳಲ್ಲಿ ಯಾರಾದರೂ ಅಂಕಿ ಮುಂದಿಟ್ಟರೆ, “ಯಾವ ಲಕ್ಷ್ಮಿ?” ಎಂದು ಕೇಳುವುದು ರೂಢಿಯಾಯಿತು.

ಮರುವರ್ಷದ ಸಭೆಯಲ್ಲೂ ಅದನ್ನೇ ಕೇಳಿದರು. ಮಾಳ್ಕೋಡರೇ ಎರಡು ಸಲ ಕೇಳಿದರು. ಸಭೆ ಮುಗಿದು ಕುರ್ಚಿ ಮಡಚುವಾಗ ಸುಮಿತ್ರಾಳ ಕಾಲಿಗೆ ಒರೆಗಲ್ಲಿನ ವಯರು ತೊಡರಿತು. ಅದನ್ನು ಪ್ಲಗ್ಗಿಗೆ ಹಾಕುವುದು ಬೆಳಿಗ್ಗೆಯಿಂದ ಯಾರಿಗೂ ನೆನಪೇ ಆಗಿರಲಿಲ್ಲ.