ಮೊಳಕಾಲುದ್ದದ ಹಿನ್ನೀರು

"ಬಿಡ್ರೀ ನನ್ನ ಜಡೆ!"

ತುಂಗಾ ನದಿಯ ನಡುವೆ, ಬಾಯಿಗೆ ನುಗ್ಗಿದ ನೀರನ್ನು ಉಗುಳುತ್ತ ಕಿರುಚಿದಳು ವಾಗ್ದೇವಿ.

ಜಡೆ ಹಿಡಿದವನು ಬಿಡಲಿಲ್ಲ. ಬಂಡೆಯ ತನಕ ಎಳೆದು ತಂದ ಮೇಲೆಯೇ ಕೈ ಸಡಿಲಿಸಿದ.

"ಹೆದರ್ಬೇಡಿ, ಉಸಿರಾಡಿ... ಬದುಕಿದ್ರಿ!"

"ನಾನು ಸಾಯ್ತಾನೇ ಇರ್ಲಿಲ್ಲ! ಮುಳುಗು ಹಾಕಿದ್ದೆ!"

ಅವನು ಪೆಚ್ಚಾದ. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ವಾಗ್ದೇವಿಗೆ ಅಳು ಬರುವಷ್ಟು ಸಿಟ್ಟು!

ಹೊಸನಗರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವಳು ೧೯೬೮ರ ಬೇಸಿಗೆ ರಜೆಗೆ ತೀರ್ಥಹಳ್ಳಿಯ ಅಜ್ಜಿಮನೆಗೆ ಬಂದದ್ದೇ ಇದಕ್ಕಾಗಿ. ನೀರಿನೊಳಗೆ ಕಣ್ಣು ಬಿಟ್ಟುಕೊಂಡು ತಳ ಮುಟ್ಟಿ ಬರುವುದೆಂದರೆ ಅವಳಿಗೆ ಪ್ರಾಣ. 'ಅದನ್ನೂ ಹಾಳು ಮಾಡಿದನಲ್ಲ, ಪುಣ್ಯಾತ್ಮ!'

ಸಾಗರ ಪೇಟೆಯ ತನ್ನ ಮನೆಗೆ ಮರಳಿದ ಕೆಲವೇ ದಿನಗಳಲ್ಲಿ ಆ ಪುಣ್ಯಾತ್ಮ ಅವಳ ಮನೆಯ ಜಗಲಿಯಲ್ಲೇ ಕುಳಿತಿದ್ದ. ಹೆಣ್ಣು ನೋಡಲು ಬಂದ ಗಂಡಾಗಿ!

"ವಿಘ್ನೇಶ್ವರ ಅಂತ. ಕೊಚ್ಚಿಯಲ್ಲಿ ನೌಕಾಪಡೆ ಕೆಲಸ, ಡೈವರ್" ಎಂದರು ಅಪ್ಪ ನಾರಾಯಣಮೂರ್ತಿ.

ಡೈವರ್! ಸಿಟ್ಟೆಲ್ಲ ಎಲ್ಲಿ ಹೋಯಿತೋ... ವಾಗ್ದೇವಿಯ ಮುಖ ಅರಳಿತು. ಸಮುದ್ರದ ತಳ ಕಂಡವನು. ಇವನಿಗಾದರೂ ತಾನು ಅರ್ಥವಾಗುತ್ತೇನೆ!

ಅವಳ ಮುಖವನ್ನೇ ನೋಡುತ್ತಿದ್ದ ವಿಘ್ನೇಶ್ವರ ಯಾಕೋ ತಲೆ ತಗ್ಗಿಸಿದ.

ಅವನು ಚೀಲದಿಂದ ಗಾಜಿನ ಮುಖವಾಡಗಳನ್ನೂ ಉಸಿರಾಡುವ ಕೊಳವೆಗಳನ್ನೂ ತೆಗೆದ. ನೀರಿಗೆ ಮುಖ ಹಾಕಿ, ತೇಲುತ್ತಲೇ ಕೆಳಗಿನದನ್ನು ನೋಡಬಹುದಂತೆ. ಅಪ್ಪ ಒಂದನ್ನು ಹಾಕಿಕೊಂಡು ಜಗಲಿಯಲ್ಲೇ ಬುಸ್ಸೆಂದು ಉಸಿರುಬಿಟ್ಟರು. ಅಮ್ಮ ಬಂಗಾರಮ್ಮ ಬಿದ್ದು ಬಿದ್ದು ನಕ್ಕರು.

"ಶರಾವತಿ ಹಿನ್ನೀರಿಗೆ ದೋಣಿಲಿ ಹೋಗಿಬರಾಣ. ಹುಡುಗ ಹುಡುಗಿ ಮಾತಾಡಿದ ಹಂಗೂ ಆಗ್ತದೆ" ಎಂದರು ಅಪ್ಪ.

ವಾಗ್ದೇವಿ ಕುಣಿಯುವುದೊಂದು ಬಾಕಿ! "ನಡೂ ನೀರಿಗೆ ಹೋಗಾಣ ಅಪ್ಪಯ್ಯ, ಅಲ್ಲಿ ಮುಳುಗು ಹಾಕ್ತೀನಿ!"

"ಎಂತ ಹುಚ್ಚೇ ನಿಂದು? ಮೊಳಕಾಲುದ್ದ ನೀರಲ್ಲಿ ಮುಖ ಅದ್ದಿ ನೋಡಿದ್ರೆ ಸಾಲದಾ?" ಎಂದರು ಅಪ್ಪ.

"ದೋಣಿ ಹೊಯ್ದಾಡ್ತದಂತೆ. ದಡದ ಪಕ್ಕದಲ್ಲೇ ಹೋದ್ರಾಯ್ತಪ್ಪ" ಎಂದರು ಅಮ್ಮ.

ವಾಗ್ದೇವಿ ಆಸೆಯಿಂದ ವಿಘ್ನೇಶ್ವರನ ಕಡೆ ನೋಡಿದಳು. 'ಹೇಳಿ... ಒಂದು ಮಾತು ಹೇಳಿ!'

"ನೀವು ಹೇಳೋದೇ ಸರಿ ರಾಯರೇ. ಆಳ ಬೇಡ" ಎಂದನು ಅವನು.

ಹೆಣ್ಣು ದಡದಲ್ಲಿರಬೇಕು ಎನ್ನುವವರಲ್ಲಿ ಇವನೂ ಒಬ್ಬ! ಕಾಫಿ ಲೋಟಗಳನ್ನು ಬಡಬಡನೆ ಎತ್ತಿಕೊಂಡು ಒಳಗೆ ನಡೆದಳು.

ಹೊರಡುವ ದಿನ ದೋಣಿಯಲ್ಲಿ ಅವಲಕ್ಕಿ ಡಬ್ಬ, ಫ್ಲಾಸ್ಕು, ಜಮಖಾನ, ಕೊಡೆ... ಜನರಿಗಿಂತ ಸಾಮಾನೇ ಹೆಚ್ಚು. ದೋಣಿಯ ನಿಂಗಪ್ಪ ದಡ ಬಿಡುವಷ್ಟರಲ್ಲೇ ಅಪ್ಪ "ಇಲ್ಲೇ ನಿಲ್ಸು ಮಾರಾಯ!" ಎಂದರು.

ಅಪ್ಪ ಅಮ್ಮ ಮುಖವಾಡ ತೊಟ್ಟು, ಮೊಳಕಾಲುದ್ದ ನೀರಿಗಿಳಿದು ಬಗ್ಗಿ ನಿಂತರು. "ಮೀನು! ಮೀನು ಕಣೇ!" ಎಂದು ಅಪ್ಪ ಕೊಳವೆಯೊಳಗಿಂದಲೇ ಕೂಗಿದರು.

ದೋಣಿಯಲ್ಲಿ ಉಳಿದ ವಾಗ್ದೇವಿ ದೂರದ ಕಡುಹಸಿರು ನೀರನ್ನೇ ನೋಡುತ್ತಿದ್ದಳು. ಎದುರಿಗೆ ವಿಘ್ನೇಶ್ವರ.

"ನನಗೆ ಈ ಸಂಬಂಧ ಬೇಡ. ಅಪ್ಪಯ್ಯಂಗೆ ಇವತ್ತೇ ಹೇಳ್ತೀನಿ."

ಅವನ ಮುಖ ಬಿಳಿಚಿತು. "ಯಾಕೆ ಅಂತ ಕೇಳ್ಬಹುದಾ?"

"ನೀವು ಸಮುದ್ರದ ತಳ ನೋಡ್ಬಹುದು, ನಾನು ಈ ಕೆಸರು ನೋಡ್ಕೊಂಡು ಇರ್ಬೇಕು... ಅಲ್ವಾ?"

"ನಾನೂ ಇನ್ನು ತಳ ನೋಡಲ್ಲ, ವಾಗ್ದೇವಿ."

ಅವಳು ತಿರುಗಿದಳು.

"ಹೋದ ವರ್ಷ ಆಳದಲ್ಲಿ ಎಡಗಿವಿ ತಮಟೆ ಹರೀತು. ಕೂಡಿದೆ... ಆದ್ರೆ ಮತ್ತೆ ಆಳಕ್ಕೆ ಹೋದ್ರೆ ಕಿವಿ ಹೋಗ್ತದಂತೆ. ಈಗ ನಂಗೆ ಆಫೀಸು ಕೆಲಸ. ನೀರಿಗೆ ಇಳಿದ್ರೂ ನಿಮ್ಮಪ್ಪನ ಹಂಗೆ ಮೇಲೆ ತೇಲ್ಬೇಕಷ್ಟೇ."

"ಮತ್ತೆ... ಯಾಕೆ ಹೇಳ್ಲಿಲ್ಲ?"

"ಡೈವರ್ ಅಂದಾಗ ನಿಮ್ಮ ಮುಖ ಅರಳ್ತಲ್ಲ... ಅದು ಬಾಡೋದನ್ನ ನೋಡಕ್ಕೆ ಧೈರ್ಯ ಬರ್ಲಿಲ್ಲ. ಆಳಕ್ಕೆ ಹೋದ್ರೆ ನಂಗೆ ಮುಳುಗಕ್ಕಾಗಲ್ಲ ಅಂತ ಎಲ್ರ ಎದುರು ಗೊತ್ತಾಗ್ತಿತ್ತು. ಅದಕ್ಕೇ ಬೇಡ ಅಂದೆ."

ಅವಳ ಕಣ್ಣು ತುಂಬಿತು. ಆದರೂ ಸಿಟ್ಟು ಪೂರ್ತಿ ಇಳಿಯಲಿಲ್ಲ. "ನಿಮ್ಮ ಕಿವಿ ನೋವು ನಂಗೆ ಅರ್ಥ ಆಗ್ತದೆ. ಅದಕ್ಕೆ ನಾನ್ಯಾಕೆ ದಡದಲ್ಲಿ ಕೂರ್ಬೇಕು?"

"ಕೂರ್ಬಾರ್ದು. ತಪ್ಪು ನಂದು."

ಎದ್ದು ನಿಂತು ಕೂಗಿದ. "ರಾಯರೇ! ವಾಗ್ದೇವಿ ಆಳಕ್ಕೆ ಹೋಗ್ಲಿ. ನನಗಿಂತ ಚೆನ್ನಾಗಿ ಮುಳುಗ್ತಾರೆ. ನನ್ನ ಕಿವಿ ಕೆಟ್ಟಿದೆ... ನಾನೀಗ ಡೈವರ್ ಅಲ್ಲ. ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಈ ಸಂಬಂಧ ಬೇಡ ಅನ್ನಿಸಿದ್ರೆ ನಂಗೆ ಬೇಜಾರಿಲ್ಲ."

ಬೇಜಾರಿಲ್ಲ ಎನ್ನುವಾಗ ಅವನ ದನಿ ನಡುಗಿದ್ದು ವಾಗ್ದೇವಿಗೆ ಕೇಳಿಸಿತು.

ಅಪ್ಪ ಮುಖವಾಡ ಹಣೆಗೇರಿಸಿ ಬೆರಗಾಗಿ ನಿಂತರು. ಮಾತಾಡಿದ್ದು ಅಮ್ಮ. "ಸಂಬಂಧದ ಮಾತು ಆಮೇಲೆ. ಹುಡುಗಿ ಹೋಗ್ಲಿ ಬಿಡಿ. ನಾನೂ ದೋಣಿ ಹತ್ತುತೀನಿ. ಇವಳು ನೀರೊಳಗೆ ಎಲ್ಲಿಗೆ ಹೋಗ್ತಾಳೆ ಅಂತ ನಾನು ಒಂದಿನಾನೂ ನೋಡ್ಲಿಲ್ಲ!"

ನಡುನೀರಿನಲ್ಲಿ ವಾಗ್ದೇವಿ ಕಚ್ಚೆ ಬಿಗಿದು ಧುಮುಕಿದಳು.

ಹಸಿರು ಬೆಳಕು... ತಣ್ಣನೆಯ ಕತ್ತಲು... ಕೈಗೆ ತಾಗಿದ್ದು ಎಂದೋ ಮುಳುಗಿದ ಗದ್ದೆಯ ಬದು. ತಿರುಗಿ ಮೇಲೆ ನೋಡಿದರೆ, ಬೆಳಕಿನ ನಡುವೆ ಕೈಕಾಲು ಚಾಚಿ ತೇಲುತ್ತಿದ್ದ ಒಂದು ನೆರಳು. ಅವಳು ಎತ್ತ ಹೋದರೂ ಅದೂ ಅತ್ತಲೇ ಸರಿಯುತ್ತಿತ್ತು. ಈ ಸಲ ಜಡೆಗೆ ಯಾರೂ ಕೈ ಹಾಕಲಿಲ್ಲ.

ಮೇಲೆ ಬಂದಾಗ ಅವಳ ಎದುರಿಗೇ ಅವನಿದ್ದ.

"ಮದುವೆ ಆದ್ಮೇಲೂ ಹಿಂಗೇ ಮುಳುಗ್ತೀನಿ" ಎಂದಳು, ಏದುಸಿರು ಬಿಡುತ್ತ.

"ಯಾರನ್ನ ಮದುವೆ ಆದ್ಮೇಲೆ?"

"ಅಮ್ಮನ ಎದುರು ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ?"

ಅವನ ಕಣ್ಣು ತುಂಬಿ ಬಂತು. "ಮುಳುಗಿ. ಬೇಡ ಅನ್ನಲ್ಲ. ಮೇಲೆ ಬಂದಾಗ ಮಾತ್ರ ಮೊದ್ಲು ನನ್ನ ಕಡೆ ನೋಡಿ."

"ನೋಡ್ತಾ ಇದೀನಲ್ಲ" ಎಂದಳು ವಾಗ್ದೇವಿ.